ಒಲೆಯನ್ನು ಆರಿಸುವ ಮುನ್ನ

"ಹೊಸದೊಂದು ಗ್ಯಾಸ್ ಒಲೆಯನ್ನು ಆರಿಸಬೇಕಾಗಿದೆ" ಎಂದು ನಮ್ಮವರು ಒಂದು ದಿನ ಊಟಕ್ಕೆ ಕುಳಿತಾಗ ಹೇಳಿದರು. ಅತ್ತೆಯವರು ಹಂಚಿನ ಮೇಲಿನ ರೊಟ್ಟಿಯನ್ನು ಮಗುಚುತ್ತ, "ಇರೋದನ್ನ ಆರಿಸಿದ ಮ್ಯಾಲೇನಪ್ಪಾ ಹೊಸದು?" ಎಂದು ಕೇಳಿದರು. ಆಯ್ದುಕೊಳ್ಳುವುದಕ್ಕೂ ನಂದಿಸುವುದಕ್ಕೂ ಕನ್ನಡದಲ್ಲಿ ಒಂದೇ ಮಾತು ಸಲ್ಲುವುದರಿಂದ ಅಂದು ಎಲ್ಲರೂ ನಕ್ಕೆವು. ಆ ಮಾತಿನೊಳಗೆ ಒಂದು ಎಚ್ಚರಿಕೆಯೂ ಅಡಗಿತ್ತೆಂಬುದು ನಮಗೆ ತಿಳಿಯಲು ಎರಡು ವರ್ಷ ಹಿಡಿಯಿತು. ಹೊಸ ಒಲೆಯೇನೋ ಬಂದಿತು. ಆದರೆ ಹಳೆಯ ಒಲೆ ಆರಲಿಲ್ಲ. ಅದು ಅಡಿಗೆಮನೆಯಿಂದ ಹಿತ್ತಿಲಿಗೆ ಹೋಗಿ ಅಲ್ಲಿ ಉರಿಯತೊಡಗಿತು.

"ಗಾಜಿನ ಒಲೆ ಒಳ್ಳೆಯದೋ ಉಕ್ಕಿನದೋ? ಎರಡು ಬರ್ನರ್ ಸಾಕೋ, ನಾಲ್ಕು ಬೇಕೋ?" ಎಂದು ಕೇಳುವ ಸೋದರಿಯರು ಬಹಳ ಮಂದಿ. ಒಂದೇ ಸಾಲಿನಲ್ಲಿ ಉತ್ತರ ಕೊಡಬಹುದಾಗಿತ್ತು. ಆದರೆ ಸಿರುಗುಪ್ಪದ ನಮ್ಮ ಮನೆಯಲ್ಲಿ ನಡೆದುದನ್ನು ಹೇಳದೆ ಕೊಟ್ಟ ಉತ್ತರ ನಿಮಗೆ ಪ್ರಯೋಜನಕ್ಕೆ ಬಾರದೆಂದು ನನಗನ್ನಿಸುತ್ತದೆ.

ಆಗ ಅಡಿಗೆಮನೆಯನ್ನು ಹೊಸದಾಗಿ ಕಟ್ಟಿಸಿದ್ದೆವು. ಮೂಲೆಯಲ್ಲಿದ್ದ ಮಣ್ಣಿನ ಒಲೆಯನ್ನು ಒಡೆದು, ನಯವಾದ ಕರಿಕಲ್ಲಿನ ಕಟ್ಟೆ ಹಾಕಿಸಿ, ಅದರ ಮೇಲೆ ಕನ್ನಡಿಯಂತೆ ಹೊಳೆಯುವ ಕಪ್ಪು ಗಾಜಿನ ನಾಲ್ಕು ಬರ್ನರಿನ ಒಲೆಯನ್ನು ತಂದಿಟ್ಟರು. ಅಂಗಡಿಯಲ್ಲಿ ಅದನ್ನು ಆಯ್ದವರು ನಮ್ಮವರು, ಮೆಚ್ಚಿದವಳು ನಾನು. ಆ ಒಲೆಯ ಮುಂದೆ ದಿನಕ್ಕೆ ಮೂರು ಗಂಟೆ ಕಳೆಯಬೇಕಾದ ಅತ್ತೆಯವರನ್ನು ಮಾತ್ರ ಯಾರೂ ಕೇಳಿರಲಿಲ್ಲ. ನೆರೆಮನೆಯವರು ಬಂದು ನೋಡಿ ಕೊಂಡಾಡಿದರು. ಮೊದಲನೆಯ ವಾರ ಚಹಾ, ಅನ್ನ, ಸಾರು, ಪಲ್ಯಗಳೆಲ್ಲ ಅದರ ಮೇಲೆ ಸುಖವಾಗಿ ಬೆಂದವು.

ತೊಡಕು ಬಂದುದು ರೊಟ್ಟಿಗೆ. ನಮ್ಮ ಊರು ನೆಲ್ಲಿನ ಊರಾದರೂ ಜೋಳದ ರೊಟ್ಟಿಯಿಲ್ಲದೆ ನಮ್ಮ ಮನೆಯಲ್ಲಿ ಊಟ ಪೂರ್ತಿಯಾದಂತಲ್ಲ. ಅತ್ತೆಯವರ ಕಬ್ಬಿಣದ ಹಂಚು ಒಂದು ಮೊಳಕ್ಕೆ ಸ್ವಲ್ಪವೇ ಕಡಿಮೆ ಅಗಲದ್ದು. ಎತ್ತಲು ಎರಡು ಕೈಯೂ ಬೇಕು. ಕಟ್ಟಿಗೆಯ ಉರಿ ಅಂತಹ ಹಂಚಿನ ಅಡಿಯನ್ನೆಲ್ಲ ನೆಕ್ಕುತ್ತ ಅಂಚಿನವರೆಗೆ ಹಬ್ಬುವುದು. ಗ್ಯಾಸಿನ ಉರಿಯಾದರೋ ಸಣ್ಣ ಬಳೆಯಂತೆ ನಡುವೆ ಮಾತ್ರ ನಿಲ್ಲುವುದು. ನಡುವೆ ರೊಟ್ಟಿ ಕರಕಾಗುವಷ್ಟು ಹೊತ್ತಿಗೂ ಅಂಚು ಹಸಿಯಾಗಿಯೇ ಇರುತ್ತಿತ್ತು, ಬಿಳಿಚಿಕೊಂಡು ಬಿರಿಯುತ್ತಿತ್ತು, ಉಬ್ಬುತ್ತಲೇ ಇರಲಿಲ್ಲ. ಅದೂ ಅಲ್ಲದೆ ನಾಲ್ಕು ಬರ್ನರುಗಳನ್ನು ಒತ್ತೊತ್ತಾಗಿ ಜೋಡಿಸಿದ್ದ ಆ ಒಲೆಯ ಮೇಲೆ ಹಂಚನ್ನಿಟ್ಟರೆ ಪಕ್ಕದಲ್ಲಿ ಅನ್ನದ ತಪ್ಪಲೆಗೂ ಎಡೆಯಿಲ್ಲ. ಹೆಸರಿಗೆ ನಾಲ್ಕು ಉರಿ, ಕೆಲಸಕ್ಕೆ ಒಂದೇ. ಹಂಚಿನ ಭಾರಕ್ಕೆ ಮೇಲಿನ ಕಬ್ಬಿಣದ ಕಾಲುಗಳು ಅಲುಗುತ್ತಿದ್ದುವು. ಅಗಲವಾದ ಪಾತ್ರೆಯ ಕಾವು ಕೆಳಗಿನ ಗಾಜಿಗೆ ತಿರುಗಿ ಬಡಿದರೆ ಗಾಜು ಒಡೆಯಬಹುದೆಂದು ಅದರೊಡನೆ ಬಂದಿದ್ದ ಪುಸ್ತಿಕೆಯಲ್ಲಿ ಸ್ಪಷ್ಟವಾಗಿ ಅಚ್ಚಾಗಿತ್ತು. ಅದನ್ನು ನಾವು ಬಿಡಿಸಿ ಓದಿದುದು ಒಲೆ ಬಂದ ಎಂಟು ತಿಂಗಳ ಮೇಲೆ!

ಅತ್ತೆಯವರು ಯಾರ ಮೇಲೂ ದೂರಲಿಲ್ಲ. ಒಂದು ದಿನ ಬೆಳಿಗ್ಗೆ ಹಿತ್ತಿಲಲ್ಲಿ ಬಚ್ಚಲುಮನೆಯ ಪಕ್ಕದ ತಗಡಿನ ಮಾಡಿನ ಕೆಳಗೆ ಮೂರು ಕಲ್ಲುಗಳು ಕಾಣಿಸಿಕೊಂಡವು. ಅವುಗಳ ನಡುವೆ ಜಾಲಿಯ ಕಟ್ಟಿಗೆ, ಮೇಲೆ ಹಂಚು, ಮುಂದೆ ಮಣೆಯ ಮೇಲೆ ಅತ್ತೆಯವರು. ಅಂದಿನಿಂದ ನಾಲ್ಕು ಬರ್ನರಿನ ಒಲೆಯ ಮೇಲೆ ಚಹಾ ಕಾಯುತ್ತಿತ್ತು. ರೊಟ್ಟಿ ಹಿತ್ತಿಲಿನಿಂದ ಬರುತ್ತಿತ್ತು. ಬಿಸಿಬಿಸಿಯಾಗಿ ಉಬ್ಬಿದ ರೊಟ್ಟಿ ತಟ್ಟೆಗೆ ಬಂದಾಗ ಅದರ ಹಿಂದಿನ ಹೊಗೆಯನ್ನು ನೆನೆಯುವವರಾರು? ನಾವೂ ನೆನೆಯಲಿಲ್ಲ.

ಬಳ್ಳಾರಿಯ ಸೀಮೆಯವರಿಗೆ ಬೆಂಕಿಯ ನಂಟು ಇಂದು ನಿನ್ನೆಯದಲ್ಲ. ಕುಡತಿನಿಯ ಬಳಿ ಬೂದಿಯ ದಿಬ್ಬವೊಂದಿದೆ. ಹಂಪಿಯ ಹತ್ತಿರ ನಿಂಬಾಪುರದ ಬೂದಿಯ ದಿಬ್ಬವನ್ನು ಜನ ವಾಲಿಯ ಚಿತೆಯ ಬೂದಿಯೆಂದೇ ನಂಬಿದ್ದಾರೆ. ಇಂತಹ ದಿಬ್ಬಗಳು ನೂತನ ಶಿಲಾಯುಗದ ದನಗಾಹಿಗಳು ಸುಟ್ಟ ಸಗಣಿಯ ರಾಶಿಗಳೆಂಬುದನ್ನು ಎಫ್. ಆರ್. ಆಲ್ಚಿನ್ ಎಂಬ ವಿದ್ವಾಂಸರು ೧೯೬೩ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿವರಿಸಿದರು. ಆ ಸಗಣಿಯ ವಂಶವೇ ನಮ್ಮ ಕುಳ್ಳು. ಕಟ್ಟಿಗೆಯ ಮಾತಿಗೆ ಬಂದರೆ, ಪರದೇಶದಿಂದ ಬಂದು ಹೊಲದ ಬದುಗಳನ್ನೆಲ್ಲ ಆಕ್ರಮಿಸಿದ ಮುಳ್ಳಿನ ಗಿಡಕ್ಕೆ ಕನ್ನಡಿಗರು ನಮ್ಮ ಜಿಲ್ಲೆಯ ಹೆಸರನ್ನೇ ಇಟ್ಟು 'ಬಳ್ಳಾರಿ ಜಾಲಿ' ಎಂದು ಕರೆದಿದ್ದಾರೆ. ಕೀರ್ತಿಯೋ ಅಪಕೀರ್ತಿಯೋ ತಿಳಿಯದು; ಉರಿಯಂತೂ ಜೋರು.

ನನ್ನ ಬಾಲ್ಯದ ಒಲೆ ಮಾತ್ರ ಹೊಟ್ಟಿನದು. ತುಂಗಭದ್ರೆಯ ಅಣೆಕಟ್ಟು ೧೯೫೩ರಲ್ಲಿ ಪೂರ್ತಿಯಾಗಿ ಕಾಲುವೆಯ ನೀರು ಬಂದ ಮೇಲೆ ಈ ಸೀಮೆಯಲ್ಲಿ ನೆಲ್ಲು ಹೆಚ್ಚಿತು. ಅದರ ಬೆನ್ನಿಗೆ ಅಕ್ಕಿಯ ಗಿರಣಿಗಳು ಬಂದವು. ಗಿರಣಿಗಳ ಹಿಂದೆ ಹೊಟ್ಟಿನ ಗುಡ್ಡಗಳೆದ್ದವು. ನೆಲ್ಲಿನ ತೂಕದಲ್ಲಿ ಸುಮಾರು ಐದನೆಯ ಒಂದು ಪಾಲು ಹೊಟ್ಟೇ ಆದುದರಿಂದ ಅದಕ್ಕೆ ಆಗ ಅಷ್ಟಾಗಿ ಬೆಲೆಯಿರಲಿಲ್ಲ. ನಮ್ಮ ತಂದೆಯವರು ಗೋಣಿಚೀಲದಲ್ಲಿ ತುಂಬಿಸಿ ತರುತ್ತಿದ್ದರು. ತಗಡಿನ ಡಬ್ಬಿಯ ನಡುವೆ ಒಂದು ಸೀಸೆಯನ್ನು ನಿಲ್ಲಿಸಿ, ಕೆಳಗಿನ ಕಿಂಡಿಯಿಂದ ಒಂದು ಕೋಲನ್ನು ತೂರಿಸಿ, ಸುತ್ತಲೂ ಹೊಟ್ಟನ್ನು ಗಿಡಿದು ತುಂಬಬೇಕು. ಅನಂತರ ಸೀಸೆಯನ್ನೂ ಕೋಲನ್ನೂ ಮೆಲ್ಲನೆ ತಿರುಗಿಸಿ ಹೊರಗೆಳೆದರೆ ಗಾಳಿಗೆ ದಾರಿಯಾಗುವುದು. ಕೈ ಸ್ವಲ್ಪ ನಡುಗಿದರೂ ಒಳಗಿನ ಹೊಟ್ಟು ಕುಸಿದು ಮೊದಲಿನಿಂದ ತುಂಬಬೇಕು. ನಾನು ಶಾಲೆಗೆ ತಡವಾಗಿ ಹೋದ ದಿನಗಳ ಪೈಕಿ ಅರ್ಧಕ್ಕೆ ಆ ಸೀಸೆಯೇ ಕಾರಣ. ಒಮ್ಮೆ ಹತ್ತಿದರೆ ಊದುವ ಕೆಲಸವಿಲ್ಲ, ನಿಜ; ಆದರೆ ಉರಿಯನ್ನು ತಗ್ಗಿಸುವ ಉಪಾಯವೂ ಇಲ್ಲ. ಹೊಟ್ಟು ಸುಟ್ಟರೆ ಅದರಲ್ಲಿ ಸುಮಾರು ಐದನೆಯ ಒಂದು ಪಾಲು ಬೂದಿಯಾಗಿ ಉಳಿಯುವುದು. ಆ ಬೂದಿ ಬಹುತೇಕ ಮರಳಿನ ಜಾತಿಯ ಸಿಲಿಕ. ಹಲ್ಲುಪುಡಿಗೂ ಪಾತ್ರೆಗೂ ಅದೇ ಒದಗುತ್ತಿತ್ತು. ಈಗ ಹೊಟ್ಟಿಗೂ ಬೆಲೆ ಬಂದು ಅದು ಗಿರಣಿಗಳ ಬಾಯ್ಲರುಗಳಿಗೂ ಇಟ್ಟಿಗೆಯ ಭಟ್ಟಿಗಳಿಗೂ ಹೋಗುತ್ತಿದೆ.

ಬರ್ಮಾ ಷೆಲ್ ಕಂಪನಿಯವರು ಮುಂಬಯಿಯಲ್ಲಿ ಅಡಿಗೆಯ ಅನಿಲವನ್ನು ಮಾರಲಾರಂಭಿಸಿದುದು ೧೯೫೫ರಲ್ಲಿ. ಇಂಡಿಯನ್ ಆಯಿಲ್‌ನವರ 'ಇಂಡೇನ್' ಕಲ್ಕತ್ತೆಯಲ್ಲಿ ೧೯೬೫ರಲ್ಲಿ ಹೊರಟಿತು. ನಮ್ಮಂತಹ ಊರುಗಳಿಗೆ ಅದು ಬರುವಷ್ಟರಲ್ಲಿ ಪಂಪಿನ ಸ್ಟೋವ್, ಬತ್ತಿಯ ಸ್ಟೋವ್ ಎಂದು ಸೀಮೆಎಣ್ಣೆಯ ಕಾಲವೊಂದು ಕಳೆದುಹೋಯಿತು. ಅದರ ವಾಸನೆಯನ್ನು ನೆನೆಯುವುದೂ ಬೇಡ.

ಇನ್ನು ಅತ್ತೆಯವರ ಪ್ರವಾಸದ ಸಂಗತಿಗೆ ಬರುತ್ತೇನೆ. ನನ್ನ ನಾದಿನಿಯ ಸಂಸಾರ ಅಮೆರಿಕದ ಶಿಕಾಗೋ ನಗರದ ಹೊರವಲಯದಲ್ಲಿದೆ. ಒಂದು ಚಳಿಗಾಲದಲ್ಲಿ ಅತ್ತೆಯವರು ಅಲ್ಲಿಗೆ ಹೋಗಿ ನಾಲ್ಕು ತಿಂಗಳು ಇದ್ದರು. ಮಗಳ ಮನೆಯ ಹಜಾರದ ಗೋಡೆಯಲ್ಲಿ ಒಂದು ಗೂಡು. ಅದಕ್ಕೆ ಗಾಜಿನ ಮುಚ್ಚಳ. ಒಳಗೆ ಮರದ ಕೊರಡಿನಂತೆ ಮಾಡಿಟ್ಟ, ಆದರೆ ಎಂದಿಗೂ ಸುಡದ ಕೊರಡುಗಳು. ಗುಂಡಿಯನ್ನೊತ್ತಿದರೆ ಅವುಗಳ ನಡುವೆ ಗ್ಯಾಸಿನ ಉರಿ ಏಳುವುದು. ಮನೆಯವರೆಲ್ಲ ಅದರ ಮುಂದೆ ಕುಳಿತು ಮೈ ಕಾಯಿಸಿಕೊಳ್ಳುವರು. ಅತ್ತೆಯವರು ಮೊದಲ ದಿನವೇ, "ಇದರ ಮ್ಯಾಲೆ ಏನಿಡ್ತೀರವ್ವಾ?" ಎಂದು ಕೇಳಿದರಂತೆ. ಏನೂ ಇಡುವುದಿಲ್ಲವೆಂದು ತಿಳಿದಾಗ ಅವರಿಗೆ ನಗು ತಡೆಯಲಾಗಲಿಲ್ಲವಂತೆ. ಬೇಸಗೆಯಲ್ಲಿ ನಲವತ್ತು ಡಿಗ್ರಿಯನ್ನು ದಾಟುವ ಊರಿನಿಂದ ಹೋದವರಿಗೆ, ಬರಿದೆ ಕಾವಿಗಾಗಿ ಉರಿಸುವ ಬೆಂಕಿ ಆಶ್ಚರ್ಯವಾಗದೆ ಇದ್ದೀತೆ?

ಆದರೆ ಅವರು ಕೇಳಿದ ಎರಡನೆಯ ಪ್ರಶ್ನೆ ನಗುವಂತಹುದಲ್ಲ: "ಇದರ ಹೊಗೆ ಎಲ್ಲಿ ಹೋಗ್ತದ?" ಅಳಿಯ ಅವರನ್ನು ಹೊರಗೆ ಕರೆದುಕೊಂಡು ಹೋಗಿ ಗೋಡೆಯ ಹಿಂಬದಿಯ ಕೊಳವೆಯನ್ನು ತೋರಿಸಿದನು. ಅಂತಹ ಬೆಂಕಿಗೂಡುಗಳಲ್ಲಿ ಉತ್ತಮವಾದವು ಉರಿಗೆ ಬೇಕಾದ ಗಾಳಿಯನ್ನು ಹೊರಗಿನಿಂದಲೇ ಎಳೆದುಕೊಂಡು, ಉರಿದ ಮೇಲಿನ ಅನಿಲವನ್ನು ಮತ್ತೆ ಹೊರಗೇ ಬಿಡುತ್ತವೆ. ನಡುವೆ ಗಾಜಿರುವುದರಿಂದ ಕೋಣೆಯ ಗಾಳಿಗೆ ಅದರ ಸೋಂಕಿಲ್ಲ. ಕೊಳವೆಯಿಲ್ಲದ ಬಗೆಯವೂ ಉಂಟು. ಅವನ್ನು ಮನೆಯೊಳಗೆ ಇಡಬಾರದೆಂದು ಕ್ಯಾಲಿಫೋರ್ನಿಯದಂತಹ ರಾಜ್ಯಗಳು ನಿಷೇಧಿಸಿವೆ. ಗ್ಯಾಸಿನ ಉರಿಯಲ್ಲಿ ಕಣ್ಣಿಗೆ ಕಾಣುವ ಹೊಗೆಯಿಲ್ಲದಿದ್ದರೂ ಸಾರಜನಕದ ಆಕ್ಸೈಡುಗಳು ಹುಟ್ಟುತ್ತವೆ. ಗಾಳಿ ಸಾಲದಿದ್ದರೆ ಪ್ರಾಣಾಂತಿಕವಾದ ಕಾರ್ಬನ್ ಮಾನಾಕ್ಸೈಡೂ ಹುಟ್ಟುವುದು.

ಊರಿಗೆ ಹಿಂದಿರುಗಿದ ಅತ್ತೆಯವರು ಈ ವಿಷಯವನ್ನು ಹೇಳಿ ಮುಗಿಸಿದ ರೀತಿ ನನಗಿನ್ನೂ ನೆನಪಿದೆ: "ದೂರ ಕುಂತು ಬೆಂಕಿ ನೋಡೋರಿಗೆ ಒಂದು ಕೊಳವಿ. ಬಗ್ಗಿ ಊದೋರಿಗೆ ಏನದ?"

ಇನ್ನೊಂದು ಸಂಗತಿಯನ್ನು ಅವರು ಹೇಳಲಿಲ್ಲ, ನಾವೇ ಕಂಡೆವು. ಹೋಗುವ ಮುಂಚೆ ಅವರಿಗೆ ಬೆಳಗಿನ ಜಾವದಲ್ಲಿ ಬಿಡದೆ ಕೆಮ್ಮು ಬರುತ್ತಿತ್ತು. ವಯಸ್ಸಾಯಿತು, ಧೂಳಿನ ಊರು, ಎಂದು ನಾವು ಸುಮ್ಮನಿದ್ದೆವು. ಆ ಕೊರೆಯುವ ಚಳಿಯ ನಾಡಿನಲ್ಲಿ ಅದು ಹೆಚ್ಚುವುದೆಂದು ಹೆದರಿ ಕಷಾಯದ ಪುಡಿಯನ್ನು ಕಟ್ಟಿ ಕಳಿಸಿದ್ದೆ. ಪುಡಿ ಬಿಚ್ಚದೆ ಹಿಂದಕ್ಕೆ ಬಂದಿತು. ನಾಲ್ಕು ತಿಂಗಳಲ್ಲಿ ಕೆಮ್ಮು ಬಹುಮಟ್ಟಿಗೆ ನಿಂತಿತ್ತಂತೆ. ಊರಿಗೆ ಬಂದು ಹಿತ್ತಿಲಿನ ಮೂರು ಕಲ್ಲುಗಳ ಮುಂದೆ ಕುಳಿತ ಒಂದು ತಿಂಗಳೊಳಗೆ ಮತ್ತೆ ಶುರುವಾಯಿತು. ವೈದ್ಯರು ಎದೆಗೆ ಕೊಳವೆಯಿಟ್ಟು ಆಲಿಸಿ, "ಬೀಡಿ ಸೇದುವ ಅಭ್ಯಾಸ ಉಂಟೆ?" ಎಂದು ಕೇಳಿದಾಗ ಅತ್ತೆಯವರು ಸಿಟ್ಟಾದರು. ವೈದ್ಯರು ಹಾಸ್ಯಕ್ಕಾಗಿ ಕೇಳಿದುದಲ್ಲ. ಕಟ್ಟಿಗೆ, ಕುಳ್ಳುಗಳ ಹೊಗೆಯನ್ನು ವರ್ಷಗಟ್ಟಲೆ ಕುಡಿದ ಹೆಂಗಸರ ಶ್ವಾಸಕೋಶ ಧೂಮಪಾನಿಗಳ ಶ್ವಾಸಕೋಶದಂತೆಯೇ ಕೆಡುವುದುಂಟು. ಕಣ್ಣಿನ ಪೊರೆಗೂ ಅದು ಕಾರಣವಾಗುವುದು. ಮನೆಯೊಳಗಿನ ಹೊಗೆಯಿಂದ ೨೦೨೦ರಲ್ಲಿ ಲೋಕದಲ್ಲೆಲ್ಲ ಸುಮಾರು ೩೨ ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅಷ್ಟು ದೊಡ್ಡ ಸಂಖ್ಯೆ ನನ್ನ ಮನಸ್ಸಿಗೆ ಹಿಡಿಯದು. ಬೆಳಗಿನ ಜಾವ ಗೋಡೆಯಾಚೆಯಿಂದ ಕೇಳುತ್ತಿದ್ದ ಒಂದು ಕೆಮ್ಮು ಮಾತ್ರ ಹಿಡಿಯಿತು. ಎರಡು ವರ್ಷ ನಾವು ತಿಂದ ರೊಟ್ಟಿಯ ಬೆಲೆ ಅದು.

ಆಗ ನಮ್ಮವರು, "ಒಲೆಯನ್ನು ಬದಲಾಯಿಸೋಣ" ಎಂದರು. ನಾನು, "ಈಗಿರುವುದಕ್ಕೆ ಕೊಟ್ಟ ಹಣ ವ್ಯರ್ಥವಾಗುವುದಲ್ಲ" ಎಂದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಹೀಗೆ ಇನ್ನೆರಡು ತಿಂಗಳು ಕಳೆದುವು. ಕೊನೆಗೆ ನಮ್ಮನ್ನು ಅಂಗಡಿಗೆ ಓಡಿಸಿದುದು ಒಂದು ಇಲಿ.

ಮಳೆಗಾಲದ ಒಂದು ದಿನ, ಇನ್ನೂ ಕತ್ತಲೆಯಿರುವಾಗಲೇ ಅತ್ತೆಯವರು ದೇವರ ದೀಪ ಹಚ್ಚಲು ಎದ್ದು ಅಡಿಗೆಮನೆಯ ಬಾಗಿಲು ತೆರೆದರು. ನಮ್ಮಲ್ಲಿ ದೇವರ ಗೂಡು ಅಡಿಗೆಮನೆಯೊಳಗೇ, ನೆಲದಿಂದ ಎರಡಡಿ ಎತ್ತರದಲ್ಲಿದೆ. ದೀಪ ಹಚ್ಚದೆ ಹಿಂದಿರುಗಿ ಬಂದು ನನ್ನನ್ನೆಬ್ಬಿಸಿ, "ಬೆಳ್ಳುಳ್ಳಿ ಕೊಳೆತಂಗೈತಿ, ನೋಡು ಬಾರವ್ವಾ" ಎಂದರು. ಮನೆಯಲ್ಲಿ ಅಂದು ಬೆಳ್ಳುಳ್ಳಿ ಇರಲಿಲ್ಲ. ನಾನು ಓಡಿದೆ; ನಮ್ಮವರೂ ಎದ್ದು ಬಂದು ದೀಪದ ಸ್ವಿಚ್ಚಿಗೆ ಕೈಹಾಕಿದರು. ಆ ಕೈಯನ್ನು ನಾನು ಹಿಡಿದುಕೊಂಡೆ. ಮದುವೆಯ ಮಂಟಪದಲ್ಲಿಯೂ ಅಷ್ಟು ಬಿಗಿಯಾಗಿ ಹಿಡಿದಿರಲಿಲ್ಲ.

ಗ್ಯಾಸಿಗೆ ತನ್ನದೇ ಆದ ವಾಸನೆಯಿಲ್ಲ. ಸೋರಿದರೆ ತಿಳಿಯಲೆಂದೇ ಅದರಲ್ಲಿ ಈಥೈಲ್ ಮರ್ಕ್ಯಾಪ್ಟನ್ ಎಂಬ ದುರ್ವಾಸನೆಯ ದ್ರವ್ಯವನ್ನು ಕಲಸಿರುತ್ತಾರೆ. ಆ ವಾಸನೆ ಬಂದಾಗ ವಿದ್ಯುತ್ತಿನ ಯಾವ ಸ್ವಿಚ್ಚನ್ನೂ ಹಾಕಬಾರದು, ತೆಗೆಯಲೂ ಬಾರದು. ಅದರ ಒಂದು ಕಿಡಿ ಸಾಕು. ಗಾಳಿಯಲ್ಲಿ ನೂರಕ್ಕೆ ಎರಡರಷ್ಟು ಗ್ಯಾಸ್ ಕೂಡಿದ್ದರೂ ಹತ್ತಿಕೊಳ್ಳುವುದು. ನಾವು ಕತ್ತಲಲ್ಲಿಯೇ ರೆಗ್ಯುಲೇಟರನ್ನು ನಿಲ್ಲಿಸಿ, ಕಳಚಿ, ಸಿಲಿಂಡರಿನ ಬಾಯಿಗೆ ಮುಚ್ಚಳ ಹಾಕಿ, ಹಿತ್ತಿಲ ಬಾಗಿಲನ್ನೂ ಬೀದಿ ಬಾಗಿಲನ್ನೂ ತೆರೆದು ಹೊರಗೆ ಜಗಲಿಯ ಮೇಲೆ ಕುಳಿತೆವು. ಗ್ಯಾಸ್ ಸೋರಿದಾಗ ೧೯೦೬ ಎಂಬ ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಆದರೆ ಆ ಕರೆಯನ್ನೂ ಮನೆಯ ಹೊರಗೆ ಬಂದು ಮಾಡಬೇಕು. ಬೆಳಕಾದ ಮೇಲೆ ನೋಡಿದರೆ ರಬ್ಬರಿನ ಪೈಪನ್ನು ಇಲಿ ಕಡಿದಿತ್ತು. ಅಕ್ಕಿಯ ಊರಿನಲ್ಲಿ ಇಲಿಗಳಿಗೇನು ಬರ?

ಆ ದಿನ ಜಗಲಿಯ ಮೇಲೆ ಕುಳಿತಿದ್ದಾಗ ನನಗೆ ಹೊಳೆದ ಒಂದು ವಿಷಯವನ್ನು ಹಳೆಯ ಮಾಳಿಗೆಯ ಮನೆಗಳಲ್ಲಿರುವ ಸೋದರಿಯರು ದಯವಿಟ್ಟು ಗಮನಿಸಬೇಕು. ನಮ್ಮ ಹಿರಿಯರು ಅಡಿಗೆಮನೆಯ ಮಾಳಿಗೆಯಲ್ಲಿ ಬೆಳಕಿಂಡಿಯನ್ನು ಬಿಟ್ಟಿದ್ದಾರೆ. ಹೊಗೆ ಬಿಸಿಯಾದುದರಿಂದ ಮೇಲೇರಿ ಅದರೊಳಗಿನಿಂದ ಹೊರಗೆ ಹೋಗುವುದು. "ನಮಗೆ ಬೆಳಕಿಂಡಿ ಉಂಟಲ್ಲ, ಗ್ಯಾಸ್ ಸೋರಿದರೂ ಅದರಲ್ಲಿ ಹೋಗುವುದು" ಎಂದು ನಾವೂ ಧೈರ್ಯವಾಗಿದ್ದೆವು. ಸಿಲಿಂಡರಿನಲ್ಲಿರುವ ಪ್ರೊಪೇನ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು, ಬ್ಯೂಟೇನ್ ಸುಮಾರು ಎರಡು ಪಟ್ಟು ಭಾರ. ಸೋರಿದ ಗ್ಯಾಸ್ ನೀರಿನಂತೆ ನೆಲಕ್ಕಿಳಿದು ತಗ್ಗಿನಲ್ಲಿ ನಿಲ್ಲುವುದು. ಎತ್ತರದ ಹೊಸ್ತಿಲು ಅದಕ್ಕೆ ಒಡ್ಡಾಗುವುದು. ಅಡಿಗೆಮನೆಯ ಮೂಲೆಯ ಬಚ್ಚಲು ಅದಕ್ಕೆ ಕೆರೆಯಾಗುವುದು. ಒಂದು ಲೀಟರ್ ದ್ರವ ಹೊರಬಿದ್ದರೆ ಸುಮಾರು ೨೫೦ ಲೀಟರ್ ಅನಿಲವಾಗುವುದೆಂಬುದನ್ನು ನೆನೆದರೆ, ಎರಡಡಿ ಎತ್ತರದ ಗೂಡಿನ ದೀಪ ಎಷ್ಟು ಹತ್ತಿರದ್ದೆಂಬುದು ತಿಳಿಯುವುದು. ಬೆಳಕಿಂಡಿ ಕಟ್ಟಿಗೆಯ ಕಾಲದ ಜಾಣತನ. ಗ್ಯಾಸಿಗೆ ನೆಲದ ಮಟ್ಟದಲ್ಲಿ ಕಿಂಡಿ ಬೇಕು. ಬೆಳಕಿಂಡಿಯನ್ನು ಮುಚ್ಚಬೇಕೆಂದಲ್ಲ, ಅಡಿಗೆಯ ಬಿಸಿಯೂ ಉರಿದ ಅನಿಲವೂ ಒಗ್ಗರಣೆಯ ಘಾಟೂ ಹೊರಹೋಗಲು ಅದು ಇರಲೇಬೇಕು.

ನಮ್ಮ ಹೊಸ ಅಡಿಗೆಮನೆಯಲ್ಲಿ ಇನ್ನೊಂದು ತಪ್ಪನ್ನೂ ಮಾಡಿದ್ದೆವು. ಸಿಲಿಂಡರ್ ಕಣ್ಣಿಗೆ ಬೀಳಬಾರದೆಂದು ಕಟ್ಟೆಯ ಕೆಳಗೆ ಮರದ ಬಾಗಿಲುಗಳ ಗೂಡು ಮಾಡಿಸಿ ಅದರೊಳಗೆ ಕೂಡಿಹಾಕಿದ್ದೆವು. ಅಂದೇ ಬಡಗಿಯನ್ನು ಕರೆಸಿ ಬಾಗಿಲುಗಳನ್ನು ತೆಗೆಸಿದೆ. ಹಿಂದಿನ ಗೋಡೆಯಲ್ಲಿ ನೆಲಕ್ಕೆ ಸಮನಾಗಿ ಒಂದು ಗೇಣಿನ ಕಿಂಡಿ ಕೊರೆಯಿಸಿ ಇಲಿ ಬಾರದಂತೆ ತಂತಿಯ ಜಾಳಿಗೆ ಹೊಡೆಯಿಸಿದೆ. ಅಂದ ಕೆಟ್ಟಿತೆಂದು ಬಡಗಿ ಮರುಗಿದ. ಹಳೆಯ ರಬ್ಬರಿನ ಪೈಪಿನ ಬದಲು, ಒಳಗೆ ಉಕ್ಕಿನ ತಂತಿಯ ಹೆಣಿಗೆಯುಳ್ಳ ಕಿತ್ತಳೆ ಬಣ್ಣದ 'ಸುರಕ್ಷಾ' ಪೈಪ್ ಬಂದಿತು. ಅದರ ಉದ್ದ ಒಂದೂವರೆ ಮೀಟರಿಗಿಂತ ಹೆಚ್ಚು ಬೇಡ; ಐದು ವರ್ಷಕ್ಕೊಮ್ಮೆ ಬದಲಾಯಿಸಲೇಬೇಕು. ಬದಲಾಯಿಸಿದ ದಿನವನ್ನು ನಾನು ಕಟ್ಟೆಯ ಅಡಿಯಲ್ಲಿ ಸುಣ್ಣದಿಂದ ಬರೆದಿಟ್ಟಿದ್ದೇನೆ. ಸಿಲಿಂಡರಿನ ಕೊರಳ ಪಟ್ಟಿಯ ಒಳಬದಿಯಲ್ಲಿ ಎ, ಬಿ, ಸಿ, ಡಿ ಎಂಬ ನಾಲ್ಕು ಅಕ್ಷರಗಳಲ್ಲೊಂದೂ ಎರಡು ಅಂಕಿಗಳೂ ಇರುವುದನ್ನು ನೋಡಿರಬಹುದು. ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್ ತಿಂಗಳ ಕೊನೆಗಳಿಗೆ ಅನುಕ್ರಮವಾಗಿ ಆ ಅಕ್ಷರಗಳು, ಅಂಕಿ ವರ್ಷದ್ದು. ಸಿಲಿಂಡರನ್ನು ಮತ್ತೆ ಪರೀಕ್ಷಿಸಬೇಕಾದ ಗಡುವು ಅದು. ಗಡುವು ದಾಟಿದ್ದನ್ನು ಬಾಗಿಲಲ್ಲೇ ಹಿಂದಕ್ಕೆ ಕಳಿಸಬೇಕು.

ಇಷ್ಟಾದ ಮೇಲೆ ಎರಡನೆಯ ಸಲ ಒಲೆಯನ್ನು ಕೊಳ್ಳಲು ಹೊರಟೆವು. ಈ ಸಲ ಅತ್ತೆಯವರು ಮುಂದೆ, ನಾವು ಹಿಂದೆ. ಆಟೋ ಹತ್ತುವಾಗ ಅವರ ಕೈಯಲ್ಲಿ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಏನೋ ಭಾರವಾದ ಗಂಟು ಕಂಡಿತು. ಕೇಳಿದರೆ ಹಂಚು! ನಮ್ಮವರಿಗೆ ಸಂಕೋಚ, ನನಗೂ ಸ್ವಲ್ಪ. ಅಂಗಡಿಯವರು ಮೊದಲು ನಕ್ಕರು. ಅತ್ತೆಯವರು ಒಂದೊಂದು ಒಲೆಯ ಮೇಲೂ ಹಂಚನ್ನಿಟ್ಟು, ಎರಡು ಕೈಗಳಿಂದ ಅದುಮಿ, ಆಚೀಚೆ ತಿರುಗಿಸಿ, ಅದರ ಅಂಚು ಪಕ್ಕದ ಬರ್ನರಿನಿಂದ ಎಷ್ಟು ಬೆರಳು ದೂರ ಎಂದು ಅಳೆಯುತ್ತ ಬಂದಂತೆ ಅವರ ನಗು ನಿಂತಿತು. ಏಳು ಒಲೆಗಳಲ್ಲಿ ಹಂಚು ಅಲುಗದೆ ಕುಳಿತದ್ದು ಎರಡರ ಮೇಲೆ ಮಾತ್ರ.

ನಾವು ತಂದದ್ದು ಎರಡೇ ಬರ್ನರಿನ, ಮೈಯೆಲ್ಲ ಉಕ್ಕಿನ ಒಲೆ. ಬರ್ನರುಗಳ ನಡುವೆ ಒಳ್ಳೆಯ ಅಂತರವಿದೆ. ಅವುಗಳಲ್ಲಿ ಒಂದು ಅಗಲವಾದುದು. ಮೇಲಿನ ಕಾಲುಗಳು ದಪ್ಪ. ಬರ್ನರುಗಳು ಹಿತ್ತಾಳೆಯವು: ಜೋಳದ ಹಿಟ್ಟು ಉದುರಿಯೂ ಗಂಜಿ ಉಕ್ಕಿಯೂ ತೂತುಗಳು ಮುಚ್ಚಿಕೊಳ್ಳುವ ನಮ್ಮಂತಹ ಮನೆಗಳಲ್ಲಿ ಎತ್ತಿ ತೊಳೆದು ಉಜ್ಜಲು ಅವು ಗಟ್ಟಿ. ಗಾಜಿನ ಒಲೆ ಕೆಟ್ಟದೆಂದು ನಾನು ಹೇಳುವುದಿಲ್ಲ. ಸಣ್ಣ ಪಾತ್ರೆಗಳ, ಚಪಾತಿ ದೋಸೆಗಳ ಮನೆಯಲ್ಲಿ ಅದು ಒರೆಸಲು ಸುಲಭ, ನೋಡಲು ಚೆಂದ. ಬೆಂಗಳೂರಿನ ನನ್ನ ತಂಗಿ ಅದನ್ನೇ ಇಟ್ಟುಕೊಂಡು ಸುಖವಾಗಿದ್ದಾಳೆ. ಗುಂಡಿ ತಿರುಗಿಸಿದೊಡನೆ ತಾನೇ ಹತ್ತಿಕೊಳ್ಳುವ ಏರ್ಪಾಟಿಗೆ ಹೆಚ್ಚು ಹಣ ಕೊಡುವುದು ನನ್ನ ಮಟ್ಟಿಗೆ ದಂಡ.

ಯಾವುದನ್ನು ಕೊಂಡರೂ ಐಎಸ್‌ಐ ಗುರುತೂ ಅದರೊಡನೆ ೪೨೪೬ ಎಂಬ ಸಂಖ್ಯೆಯೂ ಇದೆಯೇ ಎಂದು ನೋಡದೆ ಹಣ ಕೊಡಬಾರದು. ಆ ಗುರುತಿನ ಒಲೆ ಗ್ಯಾಸಿನ ಕಾವಿನಲ್ಲಿ ನೂರಕ್ಕೆ ೬೮ ಪಾಲನ್ನಾದರೂ ಪಾತ್ರೆಗೆ ಮುಟ್ಟಿಸಬೇಕೆಂದು ನಿಯಮವಿದೆ. ೧೪.೨ ಕಿಲೋ ಗ್ಯಾಸ್ ಎಷ್ಟು ದಿನ ಬರುವುದೆಂಬುದು ಇದನ್ನೂ ಅವಲಂಬಿಸಿದೆ. ಮನೆಗೆ ತಂದು ಹಚ್ಚಿದಾಗ ಉರಿ ನೀಲಿಯಾಗಿರಬೇಕು. ಹಳದಿಯಾಗಿದ್ದು ಪಾತ್ರೆಗೆ ಮಸಿ ಹಿಡಿದರೆ ಗಾಳಿ ಸಾಲದೆಂದು ತಿಳಿದು, ತೂತುಗಳನ್ನು ಶುದ್ಧಮಾಡಿಸಿ ಗಾಳಿಯ ದಾರಿಯನ್ನು ಸರಿಪಡಿಸಿಸಬೇಕು. ಪೈಪಿನಲ್ಲಿ ಗ್ಯಾಸ್ ಬರುವ ಊರಿನಲ್ಲಿರುವವರಿಗೆ ಒಂದು ಮಾತು: ಅದು ಮೀಥೇನ್, ಗಾಳಿಗಿಂತ ಹಗುರ, ಸಿಲಿಂಡರಿನ ಒಲೆಯನ್ನು ಅದಕ್ಕೆ ಜೋಡಿಸುವಾಗ ಒಳಗಿನ ಜೆಟ್ಟನ್ನು ಬಲ್ಲವರಿಂದ ಬದಲಾಯಿಸಿಕೊಳ್ಳಬೇಕು. ವಿದ್ಯುತ್ತಿನ ಇಂಡಕ್ಷನ್ ಒಲೆ ಹಾಲಿಗೆ, ಅನ್ನಕ್ಕೆ ಬಹಳ ಒಳ್ಳೆಯದು. ಉರಿಯೇ ಇಲ್ಲದ ಅದರ ಮೇಲೆ ರೊಟ್ಟಿಯನ್ನು ಉಬ್ಬಿಸುವ ಬಗೆಯನ್ನು ಅತ್ತೆಯವರಿಗೆ ನಾನು ಹೇಳಲಾರೆ.

ಎತ್ತರದ ಪ್ರಶ್ನೆಯೊಂದು ಉಳಿದಿತ್ತು. ಒಲೆ ಸಿಲಿಂಡರಿಗಿಂತ ಮೇಲಿನ ಮಟ್ಟದಲ್ಲಿರಬೇಕಾದುದರಿಂದ ನೆಲದ ಮೇಲಿಡುವಂತಿಲ್ಲ. ಎಪ್ಪತ್ತು ದಾಟಿದ ಮೊಣಕಾಲುಗಳು ಹದಿನೈದು ರೊಟ್ಟಿ ಬಡಿಯುವವರೆಗೆ ನಿಂತಿರಲಾರವು. ಕಟ್ಟೆಯ ಒಂದು ಕೊನೆಯನ್ನು ಒಡೆಸಿ ಎರಡೂವರೆ ಅಡಿಗೆ ತಗ್ಗಿಸಿ, ಮುಂದೆ ಬೆನ್ನಿರುವ ಎತ್ತರದ ಪೀಠವೊಂದನ್ನು ಮಾಡಿಸಿದೆವು. ಕುಳಿತುಕೊಂಡೇ ಬಡಿಯಬಹುದು, ಬೇಯಿಸಬಹುದು. ಕರಿಕಲ್ಲು ಒಡೆಯುವಾಗ ನನ್ನ ಎದೆ ಸ್ವಲ್ಪ ನೊಂದಿತು. ಮೊದಲ ದಿನದ ರೊಟ್ಟಿಯ ಅಂಚು ಇನ್ನೂ ಬಿಳುಪಾಗಿಯೇ ಇತ್ತು. ಅತ್ತೆಯವರು ನಾಲ್ಕು ದಿನ ಪ್ರಯತ್ನಿಸಿ ದಾರಿ ಕಂಡುಕೊಂಡರು. ಖಾಲಿ ಹಂಚನ್ನು ಸಣ್ಣ ಉರಿಯಲ್ಲಿ ಹೆಚ್ಚು ಹೊತ್ತು ಕಾಯಿಸಬೇಕು, ಅಂಚಿಗೂ ಕಾವೇರಿದ ಮೇಲೆ ಉರಿಯನ್ನು ಹೆಚ್ಚಿಸಬೇಕು, ರೊಟ್ಟಿಯನ್ನು ಸ್ವಲ್ಪ ಸ್ವಲ್ಪವಾಗಿ ತಿರುಗಿಸುತ್ತಿರಬೇಕು, ಕೊನೆಗೆ ಪಕ್ಕದ ಬರ್ನರಿನ ಮೇಲೆ ಜಾಳಿಗೆಯಿಟ್ಟು ಒಂದು ಕ್ಷಣ ನೇರವಾಗಿ ಉರಿಗೆ ಒಡ್ಡಬೇಕು. ಕೆಂಡದ ರುಚಿ ಬಾರದೆಂದು ಅವರೇ ಹೇಳುತ್ತಾರೆ. ಬರುವುದಿ ಲ್ಲವೆಂಬುದು ನಿಜವೇ. ಬೆಳಗಿನ ಕೆಮ್ಮು ಪೂರ್ತಿ ಹೋಗಿಲ್ಲ, ಬಹಳ ಕಡಿಮೆಯಾಗಿದೆ.

ನಮ್ಮ ಮನೆಗೆ ಕೆಲಸಕ್ಕೆ ಬರುವಾಕೆಗೆ ಇಷ್ಟೆಲ್ಲ ಆಯ್ಕೆಯ ಅವಕಾಶವಿಲ್ಲ. ೨೦೧೬ರ ಮೇ ೧ರಂದು ಪ್ರಾರಂಭವಾದ ಉಜ್ವಲಾ ಯೋಜನೆಯಲ್ಲಿ ಅವಳಿಗೂ ಒಲೆ, ಸಿಲಿಂಡರ್ ಬಂದಿವೆ. ಅವಳು ಅದರಲ್ಲಿ ಚಹಾ ಮಾತ್ರ ಕಾಯಿಸುತ್ತಾಳೆ. "ತುಂಬಿಸ್ಕೊಳ್ಳಾಕ ರೊಕ್ಕ ಬೇಕಲ್ರೀ ಅಮ್ಮಾ" ಎನ್ನುತ್ತಾಳೆ. ರೊಟ್ಟಿಗೆ ಜಾಲಿಯ ಕಟ್ಟಿಗೆ ಪುಕ್ಕಟೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಸ್ಥಾಪನೆಯಾದ 'ಅಸ್ತ್ರ' ಕೇಂದ್ರದವರು ರೂಪಿಸಿದ ಅಸ್ತ್ರ ಒಲೆಯ ವಿಷಯವನ್ನು ಅವಳಿಗೆ ಹೇಳಿದ್ದೇನೆ: ಒಂದೇ ಉರಿಗೆ ಮೂರು ಪಾತ್ರೆ, ಹೊಗೆಗೆ ಮಾಡಿನಾಚೆ ಹೋಗುವ ಕೊಳವೆ. ಅದರ ಮೇಲೆ ಹಂಚು ಕೂಡುವುದೇ ಎಂದು ಅವಳು ಕೇಳಿದ ಮೊದಲ ಪ್ರಶ್ನೆ. ಹಂಚಿನ ಅಳತೆಗೆ ಒಲೆಯ ಬಾಯಿಯನ್ನು ಬಿಡುವ ಮೇಸ್ತ್ರಿಗಾಗಿ ನಾನೂ ಅವಳೂ ವಿಚಾರಿಸುತ್ತಿದ್ದೇವೆ. ಹಿತ್ತಿಲಿನ ನಮ್ಮ ಮೂರು ಕಲ್ಲುಗಳು ಹಬ್ಬದ ದಿನ ನೀರು ಕಾಯಿಸಲು ಇನ್ನೂ ಅಲ್ಲೇ ಇವೆ; ಅವನ್ನು ತೆಗೆಯಲು ಅತ್ತೆಯವರು ಒಪ್ಪಲಿಲ್ಲ.

ಹಳೆಯ ಗಾಜಿನ ಒಲೆಯನ್ನು ನೆರೆಮನೆಯವರು ಅರ್ಧ ಬೆಲೆಗೆ ಕೇಳಿದರು. ಕೊಡುವ ಮುಂಚೆ ಅತ್ತೆಯವರು, "ನಿಮ್ಮ ಹಂಚು ಎಷ್ಟು ಅಗಲ?" ಎಂದು ವಿಚಾರಿಸಿದರು. ಅವರು ಹೋಗಿ ಅಳೆದುಕೊಂಡು ಬಂದು, ಒಲೆ ಬೇಡವೆಂದರು. ಮರುವಾರ ಅವರೇ ಬಂದು, "ಅಂಗಡಿಗೆ ಹೋಗಬೇಕು, ನಿಮ್ಮ ಅತ್ತೆಯವರನ್ನು ಒಂದು ಗಳಿಗೆ ಕಳಿಸಿಕೊಡುತ್ತೀರಾ?" ಎಂದು ಕೇಳಿದರು.